ಸಣ್ಣಪುಟ್ಟ ಕಾಯಿಲೆಗೆ ಎರಡು ಹಾಳೆ, ಒಂದು ಪುಸ್ತಕ: ನನ್ನ ಅನುಭವ

ಮಕ್ಕಳೂ ವಯಸ್ಸಾದವರೂ ಇರುವ ಮನೆಯನ್ನು ನಡೆಸುವವರಿಗೆ ಜ್ವರ, ನೆಗಡಿ, ಭೇದಿಯ ಆರೈಕೆ ಗೊತ್ತಿರುವುದರಿಂದ ಅದನ್ನು ಮೊದಲಿನಿಂದ ಹೇಳಲು ಹೋಗುವುದಿಲ್ಲ. ನನ್ನ ಮನೆಯಲ್ಲಿ ಹಲವು ವರ್ಷಗಳ ತಿಣುಕಾಟದ ನಂತರ ಕೈಹಿಡಿದದ್ದು ಎರಡು ಹಾಳೆ ಮತ್ತು ಒಂದು ನೋಟ್‌ಪುಸ್ತಕ. ಯಾವ ಲಕ್ಷಣದವರೆಗೆ ಮನೆಯಲ್ಲೇ ನೋಡಿಕೊಳ್ಳಬೇಕು, ಯಾವುದು ಕಂಡರೆ ವೈದ್ಯರ ಬಳಿ ಹೊರಡಬೇಕು ಎಂಬುದನ್ನು ಎಲ್ಲರೂ ಆರೋಗ್ಯವಾಗಿದ್ದಾಗಲೇ ಬರೆದು, ಔಷಧದ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ. ಅಣ್ಣ ಅದನ್ನು ನೋಡಿ, "ಡಾಕ್ಟರಾಗಲು ಹೊರಟಿದ್ದೀಯಾ?" ಎಂದು ನಕ್ಕಿದ್ದರು; ಹೀಗೆ ಬರೆದಿಟ್ಟರೆ ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುತ್ತೀರಿ ಎಂದು ಅತ್ತಿಗೆ ಎಚ್ಚರಿಸಿದ್ದರು. ಈಗ ಅವರ ಮನೆಯಲ್ಲೂ ಅದೇ ಹಾಳೆಗಳ ಪ್ರತಿ ಅಂಟಿಕೊಂಡಿದೆ.

ಇದಕ್ಕೆ ಕೈಹಾಕುವಂತೆ ಮಾಡಿದ್ದು ಹಣ. ನೆಗಡಿಯ ಎರಡನೆಯ ದಿನವೇ ಭೇಟಿ, ಭೇಟಿಗೊಂದು ಔಷಧದ ಚೀಟಿ, ಚೀಟಿಗೆ ನಾಲ್ಕು ಬಾಟಲಿ. ವರ್ಷದ ಕೊನೆಗೆ ಕಪಾಟು ಖಾಲಿ ಮಾಡಿದಾಗ ನನ್ನ ನೆನಪಿನಂತೆ ಮೂರರಲ್ಲಿ ಒಂದು ಪಾಲಿನಷ್ಟು ಔಷಧಗಳ ಅವಧಿ ಮುಗಿದಿತ್ತು. ಅದಕ್ಕಿಂತ ಹೆಚ್ಚು ಬೆಚ್ಚಿಸಿದ್ದು, ಬೇರೆ ಬೇರೆ ಹೆಸರಿನ ಐದಾರು ಪೊಟ್ಟಣಗಳಲ್ಲಿ ಇದ್ದದ್ದು ಒಂದೇ ಪ್ಯಾರಾಸಿಟಮಾಲ್ ಎಂಬ ಸಂಗತಿ. ನೆಗಡಿಯ ಮಾತ್ರೆಯ ಜೊತೆಗೆ ಜ್ವರದ ಮಾತ್ರೆಯನ್ನೂ ನುಂಗಿದರೆ ಪ್ರಮಾಣ ತಾನಾಗಿ ಇಮ್ಮಡಿಯಾಗುತ್ತದೆ. ದೊಡ್ಡವರಿಗೆ 24 ಗಂಟೆಗಳಲ್ಲಿ 4 ಗ್ರಾಂ ಮೀರಿದರೆ ಯಕೃತ್ತಿಗೆ ಪೆಟ್ಟು. ಈಗ ಪ್ರತಿ ಪೊಟ್ಟಣದ ಮೇಲೂ ಒಳಗಿರುವ ಔಷಧದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ, ಮತ್ತು ಒಂದೇ ಔಷಧ ಎರಡು ಹೆಸರಿನಲ್ಲಿ ಮನೆಯೊಳಗೆ ಬರುವುದಿಲ್ಲ. ವೈದ್ಯಕೀಯ ಖರ್ಚು ಈ ಕೆಲವು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದಿದೆ, ಆದರೆ ತುರ್ತು ಭೇಟಿಗಳಿಗೆ ನಾನು ಒಮ್ಮೆಯೂ ಕತ್ತರಿ ಹಾಕಿಲ್ಲ.

ಮೊದಲ ಪ್ರಯತ್ನಗಳೆಲ್ಲ ಬಿದ್ದುಹೋದವು. ಔಷಧಗಳನ್ನು ಹೆಸರಿನ ಪ್ರಕಾರ ಜೋಡಿಸಿದ್ದೆ. ನಡುರಾತ್ರಿಯಲ್ಲಿ ಅಳುವ ಮಗುವನ್ನು ಎತ್ತಿಕೊಂಡವರು ಹೆಸರು ಓದುವುದಿಲ್ಲ, ಬಣ್ಣ ನೋಡುತ್ತಾರೆ. ಮೊಬೈಲಿನಲ್ಲಿ ದಾಖಲೆ ಇಟ್ಟರೆ ಅದು ಒಬ್ಬರ ಫೋನಿನೊಳಗೇ ಉಳಿಯಿತು, ಆ ಒಬ್ಬರು ಮನೆಯಲ್ಲಿರಲಿಲ್ಲ. ಆಮೇಲೆ ಅಪಾಯದ ಲಕ್ಷಣಗಳನ್ನೆಲ್ಲ ಸೇರಿಸಿ ಮೊಳದುದ್ದದ ಪಟ್ಟಿ ಮಾಡಿದೆ; ಅದನ್ನು ಬರೆದ ನನ್ನನ್ನು ಬಿಟ್ಟರೆ ಯಾರೂ ಓದಲಿಲ್ಲ. ಕೊನೆಗೆ ಅದನ್ನೇ ಎರಡಾಗಿ ಸೀಳಿ, ಒಂದಕ್ಕೆ "ಈಗಲೇ", ಇನ್ನೊಂದಕ್ಕೆ "ಇಷ್ಟು ದಿನ" ಎಂದು ತಲೆಬರಹ ಕೊಟ್ಟಾಗ ಎಲ್ಲರೂ ಓದತೊಡಗಿದರು. ಹಾಳೆಯ ಮೇಲಿನ ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಗಾಬರಿಯಲ್ಲೂ ಕಣ್ಣಿಗೆ ಬೀಳುತ್ತವೆ ಎಂಬುದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

"ಈಗಲೇ" ಹಾಳೆಯಲ್ಲಿರುವುದು ಹತ್ತು ಹನ್ನೆರಡು ಸಾಲು: ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುವುದು, ಎಬ್ಬಿಸಿದರೂ ಇಳಿಯದ ಮಂಪರು, ಫಿಟ್ಸ್, ಜ್ವರದೊಡನೆ ಕುತ್ತಿಗೆ ಬಿಗಿತ, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ದದ್ದು, ಹಠಾತ್ತನೆ ಎರಗಿದ ಹಿಂದೆಂದೂ ಕಾಣದ ತಲೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ರಕ್ತ ವಾಂತಿ, ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು. ಹೆಚ್ಚು ಜಗಳವಾದದ್ದು ಎದೆನೋವಿನ ಸಾಲಿನ ಬಗ್ಗೆ, ಏಕೆಂದರೆ ಅದು ಗ್ಯಾಸ್ ಎಂದು ಪ್ರತಿಯೊಬ್ಬರಿಗೂ ಖಾತ್ರಿಯಿರುತ್ತದೆ. ಗ್ಯಾಸ್ ಹೌದೋ ಅಲ್ಲವೋ ಎಂಬುದನ್ನು ಇಸಿಜಿ ಹೇಳಲಿ ಎಂದು ನಾನು ಪಟ್ಟು ಹಿಡಿದೆ.

"ಇಷ್ಟು ದಿನ" ಹಾಳೆ ಸರಳ, ಯಾವುದಕ್ಕೆ ಎಷ್ಟು ದಿನ ಮನೆಯಲ್ಲೇ ಕಾಯಬಹುದು ಎಂಬುದಷ್ಟೇ: ಜ್ವರಕ್ಕೆ ಮೂರು ದಿನ, ಗಂಟಲು ನೋವಿಗೆ ಒಂದು ವಾರ, ನೆಗಡಿಗೆ ಹತ್ತು ದಿನ, ಕೆಮ್ಮಿಗೆ ಮೂರು ವಾರ, ಭೇದಿಗೆ ದೊಡ್ಡವರಾದರೆ ಎರಡು ಮೂರು ದಿನ, ಚಿಕ್ಕ ಮಕ್ಕಳಾದರೆ ಒಂದೇ ದಿನ. ಕಡಿಮೆಯಾಗಿದ್ದ ಕಾಯಿಲೆ ಮತ್ತೆ ಜ್ವರದೊಂದಿಗೆ ಮರಳಿದರೆ ದಿನ ಎಣಿಸದೆ ಹೊರಡಬೇಕೆಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಡೆಂಗಿ ಇರುವ ಕಡೆ ಇನ್ನೊಂದು ಸಾಲು ಬೇಕು: ಅಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡಿನ ರಕ್ತ ಕಂಡರೆ ಕಾಯಬಾರದು, ಮತ್ತು ಐಬುಪ್ರೊಫೇನ್, ಆಸ್ಪಿರಿನ್ ಮುಟ್ಟಬಾರದು. ಮಕ್ಕಳಿಗಂತೂ ವೈದ್ಯರು ಹೇಳದೆ ಆಸ್ಪಿರಿನ್ ಎಂದಿಗೂ ಕೂಡದು.

ಜ್ವರದ ವಿಷಯದಲ್ಲಿ ನಾನು ಪುಸ್ತಕದಲ್ಲಿ ಬರೆಸುವುದು ಅಂಕಿಗಿಂತ ಹೆಚ್ಚಾಗಿ ಮಗುವಿನ ನಡವಳಿಕೆ: ನೀರು ಕುಡಿಯಿತೇ, ಮೂತ್ರ ಹೋಯಿತೇ, ಔಷಧ ಹತ್ತಿದ ಮೇಲೆ ಆಡಿತೇ. ಔಷಧ ಕೊಟ್ಟ ಗಂಟೆ ಮತ್ತು ಪ್ರಮಾಣ ಬರೆಯದೆ ಬಾಟಲಿ ಕಪಾಟಿಗೆ ಮರಳುವಂತಿಲ್ಲ. ಪ್ರಮಾಣವನ್ನು ವಯಸ್ಸಿನಿಂದ ಲೆಕ್ಕ ಹಾಕದೆ ತೂಕದಿಂದಲೇ ಹಾಕುತ್ತೇನೆ. ಪ್ಯಾರಾಸಿಟಮಾಲ್ ಆದರೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗಳ ಅಂತರ, ದಿನಕ್ಕೆ ನಾಲ್ಕು ಸಲದ ಮಿತಿ. ಸಿರಪ್ಪುಗಳ ಸಾಂದ್ರತೆ ಬಾಟಲಿಯಿಂದ ಬಾಟಲಿಗೆ ಬದಲಾಗುವುದರಿಂದ ಹಳೆಯ ಲೆಕ್ಕವನ್ನು ಹೊಸ ಬಾಟಲಿಗೆ ಬಳಸುವುದಿಲ್ಲ. ಅಡುಗೆಮನೆಯ ಚಮಚಗಳನ್ನು ಒಮ್ಮೆ ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು ನೋಡಿದೆ: 5 ಮಿಲಿಲೀಟರ್ ಎಂದು ನಾವು ನಂಬಿದ್ದವು ಸುಮಾರು 3ರಿಂದ 7ರವರೆಗೆ ಹಿಡಿಯುತ್ತಿದ್ದವು. ಅಂದಿನಿಂದ ಮನೆಯಲ್ಲಿ ಸಿರಿಂಜು ಮಾತ್ರ. ಕಹಿ ಸಿರಪ್ಪನ್ನು ಉಗುಳದಂತೆ ನುಂಗಿಸುವ ಉಪಾಯವೊಂದು ಕಿರಿಯ ಮಗನ ದೆಸೆಯಿಂದ ಸಿದ್ಧಿಸಿದೆ; ಅದನ್ನು ಎದುರಿಗೆ ಸಿಕ್ಕವರಿಗಷ್ಟೇ ತೋರಿಸಬಲ್ಲೆ.

ಇದೇ ಹುಚ್ಚಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದ ಕೆಲವು ವಾರ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಬರೆದುಕೊಂಡೆ. ಕಂಕುಳಿನ ಅಂಕಿ ಬಾಯಿಯದಕ್ಕಿಂತ ಸುಮಾರು ಅರ್ಧ ಡಿಗ್ರಿ ಕಡಿಮೆ, ಸಂಜೆಯದು ಬೆಳಗಿನದಕ್ಕಿಂತ ತುಸು ಹೆಚ್ಚು. ಅಮ್ಮನ ದೇಹದ ಸಹಜ ಶಾಖವೇ 36ರ ಆಸುಪಾಸಿನಲ್ಲಿ ಇರುವುದರಿಂದ 37.6 ಅವರಿಗೆ ಜ್ವರವೇ ಸರಿ. ನೆಗಡಿಗೆ ಬಿಸಿನೀರಿನ ಆವಿಯನ್ನೂ ಉಪ್ಪುನೀರಿನ ಹನಿಯನ್ನೂ ಹೋಲಿಸಿ ನೋಡಿ, ಮಕ್ಕಳ ಎದುರು ಕುದಿನೀರಿನ ಪಾತ್ರೆ ಇಡುವ ಅಪಾಯಕ್ಕೆ ಸಾಟಿಯಾದ ಲಾಭ ಕಾಣದೆ ಆವಿಯನ್ನು ಕೈಬಿಟ್ಟೆ. ಮೂಗು ಬಿಡಿಸುವ ಸ್ಪ್ರೇಗೆ ಐದು ದಿನದ ಮಿತಿ; ಮೀರಿದರೆ ಸ್ಪ್ರೇಯಿಂದಲೇ ಮೂಗು ಕಟ್ಟುತ್ತದೆ. ಒಂದು ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಜೇನು, ವರ್ಷದೊಳಗಿನವರಿಗೆ ಬೇಡವೇ ಬೇಡ. ಸಿಂಬಳ ಹಸಿರಾಯಿತೆಂದು ಆಂಟಿಬಯೋಟಿಕ್ ಕೇಳುವುದನ್ನು ಬಿಟ್ಟದ್ದೇ ದೊಡ್ಡ ಉಳಿತಾಯ.

ಭೇದಿಯ ವಿಷಯದಲ್ಲಿ ನಾನು ಹೆಚ್ಚು ವಾದ ಮಾಡಬೇಕಾಯಿತು, ಏಕೆಂದರೆ ನೆಂಟರಿಗೆಲ್ಲ ಡ್ರಿಪ್ ಮೇಲೆಯೇ ನಂಬಿಕೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಸಕ್ಕರೆ ಉಪ್ಪು ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ, ಶೇಕಡಾ 30ರ ಹತ್ತಿರವಿದ್ದ ಸಾವನ್ನು 4ಕ್ಕಿಂತ ಕೆಳಗೆ ತಂದದ್ದನ್ನು ಹೇಳಿದ ಮೇಲೆಯೇ ಅವರು ಸುಮ್ಮನಾದದ್ದು. ಓಆರ್‌ಎಸ್ ಎಂಬ ಅದೇ ಸಕ್ಕರೆ ಉಪ್ಪಿನ ಪುಡಿಯ ಪೊಟ್ಟಣ ಸದಾ ಇಟ್ಟಿರುತ್ತೇನೆ. ತೀರಿದರೆ ಶುದ್ಧ ನೀರು ಒಂದು ಲೀಟರ್, ಮಟ್ಟಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಡುಗೆಮನೆಯ ಚಮಚಗಳನ್ನು ನಂಬಲಾಗದ್ದರಿಂದ ಇದಕ್ಕೆಂದೇ ಕೊಂಡ ಅಳತೆಯ ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಚಮಚ ಕುಡಿಸುತ್ತೇನೆ. ಸೋಲುವುದು ಇಲ್ಲಿಯೇ, ಬಾಯಾರಿದ ಮಗು ಲೋಟ ಕಸಿದು ಗಟಗಟನೆ ಕುಡಿದು ಮತ್ತೆ ಕಾರಿಕೊಳ್ಳುತ್ತದೆ. ಅದನ್ನೇ ಮಂಜುಗಡ್ಡೆ ಮಾಡಿ ಚೀಪಿಸಿದ್ದು ಹಿರಿಯ ಮಗಳಿಗೆ ಒಗ್ಗಿತು, ಕಿರಿಯನಿಗೆ ಒಗ್ಗಲಿಲ್ಲ. ಆರೆಂಟು ಗಂಟೆ ಮೂತ್ರವಿಲ್ಲದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯ ಆರೈಕೆ ಅಲ್ಲಿಗೆ ನಿಂತಿತು.

ಹಾಳೆಯನ್ನು ನಂಬದವರು ನಂಬಿದ್ದು ಕಿರಿಯ ಮಗನ ಕೆಮ್ಮಿನಲ್ಲಿ. ಆಗ ಅವನಿಗೆ ಮೂರು ವರ್ಷ. ಜ್ವರ ಹಿಂದಿನ ಸಲಗಳಿಗಿಂತ ಕಡಿಮೆಯೇ ಇತ್ತು, ಬೆಳಗಾಗಲಿ ಎಂದು ಎಲ್ಲರೂ ಹೇಳಿದರು. ಮಲಗಿದ್ದವನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ. 50ರ ಹತ್ತಿರ ಬಂತು. ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ ವೇಗ ಹೆಚ್ಚು ಎಂದು ಹಾಳೆಯಲ್ಲಿತ್ತು, ಎರಡು ತಿಂಗಳಿಂದ ಒಂದು ವರ್ಷದವರಿಗಾದರೆ 50. ಆ ರಾತ್ರಿಯೇ ಹೊರಟೆವು, ನ್ಯುಮೋನಿಯಾ ಎಂದಾಯಿತು, ಬೇಗ ಹಿಡಿದದ್ದರಿಂದ ಬಾಯಿಯ ಔಷಧದಲ್ಲೇ ಗುಣವಾಯಿತು. ಪುಸ್ತಕ ತೆರೆದು ಗಂಟೆವಾರು ತೋರಿಸಿದಾಗ ವೈದ್ಯರು ಪ್ರಶ್ನೆ ಕೇಳುವುದನ್ನು ಅರ್ಧಕ್ಕೆ ನಿಲ್ಲಿಸಿ ಓದತೊಡಗಿದ್ದನ್ನು ಅಣ್ಣನಿಗೆ ಎರಡು ಮೂರು ಸಲ ಹೇಳಿದ್ದೇನೆ.

ಸುಟ್ಟಗಾಯಕ್ಕೆ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ, ಮಂಜುಗಡ್ಡೆಯೂ ಪೇಸ್ಟೂ ಬೇಡ. ಮೂಗಿನ ರಕ್ತಕ್ಕೆ ಮುಂದೆ ಬಾಗಿ ಮೂಗಿನ ಮೆದು ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಹಿಡಿಯುವುದು. ಇವು ಹಾಳೆಯ ಹಿಂಬದಿಯಲ್ಲಿವೆ.

ಈಗ ಅಮ್ಮನಿಗಾಗಿ ಮೂರನೆಯ ಹಾಳೆ ಬರೆಯುತ್ತಿದ್ದೇನೆ, ಮತ್ತು ಅದು ಮಕ್ಕಳದಕ್ಕಿಂತ ಕಷ್ಟದ್ದು. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆಯೂ ಬರುತ್ತದೆ. ಹೊಸದಾಗಿ ಗೊಂದಲದ ಮಾತು, ಕಾರಣವಿಲ್ಲದ ಬೀಳುವಿಕೆ, ಊಟ ಬೇಡವೆನ್ನುವುದೇ ಮೊದಲ ಗುರುತಾಗಿರಬಹುದು. ಭೇದಿಯಾದ ದಿನ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದಾದ್ದರಿಂದ, ಯಾವುದನ್ನು, ಎಷ್ಟು ದಿನ ಎಂದು ಅವರ ವೈದ್ಯರಿಂದಲೇ ಬರೆಸಿಕೊಳ್ಳಲು ಮುಂದಿನ ಭೇಟಿಗೆ ಖಾಲಿ ಹಾಳೆಯನ್ನು ಒಯ್ಯುತ್ತಿದ್ದೇನೆ.