ಬಾಲ ಭಾರವಾಗಿದ್ದ ಜೆಟ್ ಸರಿ ಮಾಡಿದ್ದು ಹೀಗೆ

ಟರ್ಬೈನ್ ಕೂರಿಸಿದ ಮೇಲೆ ನನ್ನ ಮಾಡೆಲ್ ಜೆಟ್‌ನ ಬಾಲ ಸಿಕ್ಕಾಪಟ್ಟೆ ಭಾರವಾಯಿತು. 14 ಕೆಜಿ ವಿಮಾನವನ್ನು ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿ ಸಮತೋಲ ನೋಡೋದು ಆಗದ ಮಾತು. ಶಿರಸಿಯ ಗೆಳೆಯನಿಂದ ಅಡಿಕೆ ತೂಗುವ ಡಿಜಿಟಲ್ ತಕ್ಕಡಿಗಳನ್ನು ತಂದು ಮೂರೂ ಚಕ್ರಗಳ ಕೆಳಗಿಟ್ಟೆ. ಮುಂದಿನ ಚಕ್ರದ ತೂಕವನ್ನು ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿದರೆ, ಸಿಜಿ (ಇಡೀ ವಿಮಾನದ ತೂಕ ಸಮತೋಲದಲ್ಲಿ ನಿಲ್ಲುವ ಬಿಂದು) ಹಿಂದಿನ ಚಕ್ರಗಳಿಂದ ಎಷ್ಟು ಮುಂದಿದೆ ಅಂತ ಸಿಗುತ್ತದೆ. ವಿಮಾನ ಮಾತ್ರ ಮಟ್ಟವಾಗಿ ನಿಂತಿರಬೇಕು.

ದೊಡ್ಡ ಟ್ಯಾಂಕ್ ಖಾಲಿ, ಎಂಜಿನ್ ಪಕ್ಕದ ಚಿಕ್ಕ ಟ್ಯಾಂಕ್ ತುಂಬಿ, ಚಕ್ರ ಕೆಳಗಿಳಿಸಿ ಅಳೆದೆ. ನನ್ನದರಲ್ಲಿ ದೊಡ್ಡ ಟ್ಯಾಂಕ್ ಸಿಜಿಗಿಂತ ಮುಂದಿದೆ, ಸೀಮೆಎಣ್ಣೆ ಖರ್ಚಾದಂತೆ ಬಾಲ ಇನ್ನೂ ಭಾರವಾಗುತ್ತದೆ, ಇಳಿಸುವಾಗಲೇ ಫಜೀತಿ.

ಸಿಜಿ ಇರಬೇಕಾದ ಜಾಗಕ್ಕಿಂತ 3 ಸೆಂ.ಮೀ. ಹಿಂದಿತ್ತು. ಅಂದರೆ ಅದನ್ನು ಮುಂದೆ ತರಲು ತೂಕ ಗುಣಿಸು ದೂರ, 14 ಗುಣಿಸು 3, 42 ಕೆಜಿ-ಸೆಂ.ಮೀ. ಬೇಕು. ಸುಮ್ನೆ ಸೀಸ ತುಂಬಿ ತೂಕ ಜಾಸ್ತಿ ಮಾಡೋದು ನನಗಿಷ್ಟವಿಲ್ಲ. ನಡುವೆ ಇದ್ದ 600 ಗ್ರಾಂ ಬ್ಯಾಟರಿಗಳನ್ನು 60 ಸೆಂ.ಮೀ. ಮುಂದೆ, ಮೂಗಿಗೆ ಸರಿಸಿದೆ. ಅಲ್ಲೇ 36 ಬಂತು. ಉಳಿದದ್ದಕ್ಕೆ ಮೂಗಿನಲ್ಲೇ 100 ಗ್ರಾಂ ಸೀಸ ಸಾಕಾಯಿತು. ಕಾರವಾರದಲ್ಲಿ ಅದಕ್ಕೇನು ಬರ, ಬೈತಖೋಲದಲ್ಲಿ ಬಲೆಗೆ ಕಟ್ಟುವ ಗುಂಡುಗಳೇ ಸಿಕ್ಕವು. ಎಪಾಕ್ಸಿ ಹಾಕಿ ಕೂರಿಸಿದ್ದೇನೆ. ಇಲ್ಲಿನ ಸೆಕೆಗೆ ಟೇಪ್ ನಿಲ್ಲುವುದಿಲ್ಲ.