ತಾರಸಿ ಮೋಲ್ಡಿಗೆ ಕಂಬಿ ಆರಿಸುವುದು ಹೇಗೆ?

ಕಂಬಿ ಅಂಗಡಿಗೆ ಹೋದವರು ಮೊದಲು ಕೇಳುವುದು "ಯಾವ ಕಂಪನಿದು ಒಳ್ಳೇದು?" ಅಂತ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಅಂಗಡಿಗೆ ಹೊರಡುವ ಮುಂಚೆ ಎಂಜಿನಿಯರ್ ಕೊಟ್ಟ ಕಂಬಿ ಡ್ರಾಯಿಂಗ್ ಕೈಯಲ್ಲಿರಬೇಕು.

ಐದು ಇಂಚಿನ ಮೋಲ್ಡಿಗೆ ಸಾಮಾನ್ಯವಾಗಿ 8 ಮತ್ತು 10 ಎಂಎಂ ಕಂಬಿ ಬಳಸುತ್ತಾರೆ. ಎಷ್ಟು ಅಂತರಕ್ಕೆ ಒಂದು ಅನ್ನುವುದು ಕೋಣೆಯ ಅಗಲದ ಮೇಲೆ ನಿಂತಿದೆ. ಮೇಸ್ತ್ರಿಯ ಅನುಭವಕ್ಕೆ ಬೆಲೆ ಇದೆ. ಆದರೆ 10 ಅಡಿ ಕೋಣೆಯ ಲೆಕ್ಕವನ್ನು 15 ಅಡಿ ಹಾಲ್‌ಗೆ ಹಾಕಬಾರದು. ಭಾರ ಅಷ್ಟೇ ಇದ್ದರೂ ಅಲ್ಲಿ ಮೋಲ್ಡನ್ನು ಬಗ್ಗಿಸುವ ಒತ್ತಡ ಎರಡು ಪಟ್ಟಿಗಿಂತ ಜಾಸ್ತಿ.

ಗ್ರೇಡ್ ನೋಡಿ

ಗ್ರೇಡ್ ಅಂದರೆ ಕಂಬಿಯ ಬಲ ಹೇಳುವ ಸಂಖ್ಯೆ; ಡಿ ಅಂದರೆ ತುಂಡಾಗದೆ ಜಾಸ್ತಿ ಹಿಗ್ಗುವ ಬಗೆ. ಮನೆ ಮೋಲ್ಡಿಗೆ ಎಫ್‌ಇ 500ಡಿ ಟಿಎಂಟಿ (ಹೊರಪದರ ಗಟ್ಟಿಮಾಡಿದ) ಕಂಬಿ ಒಳ್ಳೆಯ ಆಯ್ಕೆ. ಬರೀ 500 ಕಂಬಿ ತುಂಡಾಗುವ ಮುಂಚೆ ಕನಿಷ್ಠ ಶೇ 12ರಷ್ಟು ಹಿಗ್ಗಿದರೆ ಸಾಕು. 500ಡಿ ಶೇ 16ರಷ್ಟು ಹಿಗ್ಗಲೇಬೇಕು. ಕಂಬಿಗಿರುವ ಭಾರತೀಯ ಮಾನದಂಡ ಐಎಸ್ 1786 ಹಾಗೆ ಹೇಳುತ್ತದೆ.

"550 ತಗೊಳ್ಳಿ, ಕಂಬಿ ಕಮ್ಮಿ ಸಾಕು" ಎನ್ನುವ ಮಾತು ಬರುತ್ತದೆ. ಎಂಜಿನಿಯರ್ ಮತ್ತೆ ಲೆಕ್ಕ ಹಾಕದೆ ಒಪ್ಪಬೇಡಿ. 550 ಕಂಬಿ ಜಾಸ್ತಿ ಭಾರ ತಡೆಯುತ್ತದೆ ನಿಜ. ಆದರೆ ಭಾರ ಬಿದ್ದಾಗ ಹಿಗ್ಗದಂತೆ ಬಿಗಿಯಾಗಿ ನಿಲ್ಲುವ ಗುಣ ಎಲ್ಲ ಗ್ರೇಡಿಗೂ ಒಂದೇ. ಕಂಬಿ ಕಮ್ಮಿಯಾದರೆ ಮೋಲ್ಡ್ ಜಾಸ್ತಿ ಬಾಗುತ್ತದೆ, ಬಿರುಕು ಅಗಲವಾಗುತ್ತದೆ.

ತೂಗಿ ನೋಡಿ

ಐಎಸ್‌ಐ ಗುರುತು, ಗ್ರೇಡ್ ಎರಡೂ ಇವೆಯೇ ನೋಡಿ. ಆಮೇಲೆ ಒಂದು ಮೀಟರ್ ತುಂಡು ಕತ್ತರಿಸಿ ತೂಕ ಹಾಕಿ. 8 ಎಂಎಂ 395 ಗ್ರಾಂ, 10 ಎಂಎಂ 617 ಗ್ರಾಂ, 12 ಎಂಎಂ 888 ಗ್ರಾಂ ಬರಬೇಕು. ಲೆಕ್ಕ ಸುಲಭ: ಎಂಎಂ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. 10 ಎಂಎಂವರೆಗೆ ಸರಾಸರಿ ಶೇ 7ರಷ್ಟು ಹೆಚ್ಚುಕಮ್ಮಿಗೆ ಅವಕಾಶವಿದೆ. ಅದನ್ನೂ ಮೀರಿ ತೂಕ ಕಮ್ಮಿ ಬಂದರೆ ಲೋಡ್ ವಾಪಸ್ ಕಳಿಸಿ.

ದುಡ್ಡು ಕೊಡುವುದೇ ತೂಕಕ್ಕೆ, ಮತ್ತೆ ನಷ್ಟವೇನು ಅನ್ನಿಸಬಹುದು. ಕಂಬಿ ಕಟ್ಟುವವರು ಡ್ರಾಯಿಂಗಿನ ಅಂತರಕ್ಕೇ ಕಟ್ಟುತ್ತಾರೆ, ಅಲ್ವಾ? ಸಣಕಲು ಕಂಬಿ ಕಟ್ಟಿದರೆ ಮೋಲ್ಡಿನೊಳಗೆ ಉಕ್ಕೇ ಕಮ್ಮಿಯಾಗುತ್ತದೆ.

ತೆಳುವಾದ ಕೆಂಪು ತುಕ್ಕಿಗೆ ಹೆದರಬೇಡಿ. ಪದರ ಪದರವಾಗಿ ಉದುರಿದರೆ ಮಾತ್ರ ಬೇಡ. ಸೆಂಟ್ರಿಂಗಿಗೆ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಅಚ್ಚಿಗೆ) ಬಳಿಯುವ ಎಣ್ಣೆ ಕಂಬಿಗೆ ಮೆತ್ತಿದರೆ ಕಾಂಕ್ರೀಟ್ ಹಿಡಿಯುವುದಿಲ್ಲ. ಟಿಎಂಟಿ ಕಂಬಿಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಲೇಬಾರದು. ಕಾರ್ಖಾನೆಯಲ್ಲಿ ನೀರು ಹಾಯಿಸಿ ಗಟ್ಟಿಮಾಡಿದ ಹೊರಪದರ ಬಿಸಿಗೆ ಮೆತ್ತಗಾಗುತ್ತದೆ.

ಬೇರೆ ಸಾಮಾನು

ವೆಲ್ಡೆಡ್ ಮೆಶ್ (ಬೆಸುಗೆ ಹಾಕಿದ ಕಂಬಿ ಜಾಲರಿ) ಕಾರ್ ನಿಲ್ಲಿಸುವ ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಂಕ್ರೀಟಿಗೆ ಬೆರೆಸುವ ಪ್ಲಾಸ್ಟಿಕ್ ಎಳೆಗಳು ಒಣಗುವಾಗಿನ ಸಣ್ಣ ಬಿರುಕು ತಡೆಯಲು ಮಾತ್ರ. ತಾರಸಿಯಲ್ಲಿ ಅವು ಕಂಬಿಯ ಕೆಲಸ ಮಾಡುವುದಿಲ್ಲ. ಗ್ಲಾಸ್ ಫೈಬರ್ ಕಂಬಿಗೆ ತುಕ್ಕಿಲ್ಲ, ಆದರೆ ಸೈಟಿನಲ್ಲಿ ಬಗ್ಗಿಸಲಾಗದು. ಉಕ್ಕಿಗಿಂತ ಸುಲಭವಾಗಿ ಹಿಗ್ಗುತ್ತದೆ ಕೂಡ. ಉಕ್ಕಿನ ಲೆಕ್ಕದಲ್ಲೇ ಸುಮ್ನೆ ಅದನ್ನು ಹಾಕುವಂತಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ ಎಪಾಕ್ಸಿ ಲೇಪನದ ಕಂಬಿ ಸಿಗುತ್ತದೆ. ಕಟ್ಟುವಾಗ ಲೇಪನ ಕಿತ್ತ ಜಾಗಕ್ಕೆ ಮತ್ತೆ ಬಳಿಯದಿದ್ದರೆ ತುಕ್ಕು ಅಲ್ಲೇ ಶುರು.

ಕವರ್ ಬ್ಲಾಕ್ ಮತ್ತು ಚೇರ್

ಎಷ್ಟೇ ಒಳ್ಳೆಯ ಕಂಬಿ ತಂದರೂ ಸೆಂಟ್ರಿಂಗ್ ಶೀಟಿಗೆ ತಾಗಿ ಕೂತರೆ ತುಕ್ಕು ತಪ್ಪದು. ಒಳನಾಡಿನ ಒಣ ತಾರಸಿಗೆ 20 ಎಂಎಂ ಕಾಂಕ್ರೀಟ್ ಹೊದಿಕೆ ಬೇಕು. ಕಡಲ ಗಾಳಿಗೆ ತೆರೆದಿದ್ದರೆ 45 ಎಂಎಂವರೆಗೂ ಹೋಗುತ್ತದೆ. ಕಂಬಿಯ ಕೆಳಗೆ ಜಲ್ಲಿ ತುಂಡು ಇಡಲು ಬಿಡಬೇಡಿ, ಅಷ್ಟೇ ದಪ್ಪದ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ತರಿಸಿ.

ಸಜ್ಜಾ ಮತ್ತು ಬಾಲ್ಕನಿಯಲ್ಲಿ ಮುಖ್ಯ ಕಂಬಿ ಇರಬೇಕಾದ್ದು ಮೇಲ್ಭಾಗದಲ್ಲಿ. ಕೆಲಸದವರು ತುಳಿದು ಅದು ಕೆಳಗಿಳಿದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಬೀಳಬಹುದು. ಅದಕ್ಕೆ ಕಂಬಿಯ ಚೇರ್ (ಮೇಲಿನ ಕಂಬಿಯನ್ನು ಹೊತ್ತು ನಿಲ್ಲುವ, ಬಗ್ಗಿಸಿದ ಕಂಬಿಯ ಕಾಲು) ಕೊಡಿಸಿ, ಓಡಾಡಲು ಹಲಗೆ ಹಾಸಿಸಿ. ಕಾಂಕ್ರೀಟ್ ಹಾಕುವ ಮುಂಚೆ ಎಂಜಿನಿಯರ್ ಬಂದು ಈ ಕಂಬಿಗಳ ಎತ್ತರವನ್ನು ಟೇಪ್ ಹಿಡಿದು ಅಳೆಯಲಿ.