ಹಕ್ಕಿ ಬಿಟ್ಟು ಜೊಂಡು ಹಿಡಿಯುವ ಕ್ಯಾಮೆರಾ

ನೀರಿನ ಮೇಲೆ ಹಾರುವ ರೀವ ಹಕ್ಕಿಯ ಚಿತ್ರ ತೆಗೆಯಲು ಹೋದ ಮೊದಲ ದಿನ 400 ಕ್ಲಿಕ್ಕಿಗೆ ಕಡಿಮೆಯಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಹಿಂದಿನ ಜೊಂಡಿನ ಒಂದೊಂದು ಎಲೆಯನ್ನೂ ಎಣಿಸಬಹುದಿತ್ತು. ಹಕ್ಕಿ ಮಾತ್ರ ಬಿಳಿಯ ಮಸಿ ಬಳಿದಂತೆ. ಮೊದಲು ಲೆನ್ಸಿಗೆ ಬೈದೆ, ಆಮೇಲೆ ಬೆಳಕಿಗೆ.

ಮೂಲ ಪಾಠಗಳನ್ನು ತಪ್ಪಿಸಿರಲಿಲ್ಲ. ಹಕ್ಕಿ ಚಲಿಸಿದಂತೆ ಫೋಕಸನ್ನೂ ಬದಲಿಸುತ್ತ ಹೋಗುವ ನಿರಂತರ ಫೋಕಸ್ ಹಾಕಿಯೇ ಇತ್ತು. ಕ್ಯಾನನ್‌ನವರು ಅದನ್ನು ಎಐ ಸರ್ವೋ ಅಥವಾ ಸರ್ವೋ ಎನ್ನುತ್ತಾರೆ, ನಿಕಾನ್ ಮತ್ತು ಸೋನಿಯವರು ಎಎಫ್-ಸಿ. ಶಟರ್ ವೇಗ 1/2000 ಸೆಕೆಂಡು. ಆದರೂ ಹೀಗೇಕೆ ಎಂದು ಒಂದು ಸಂಜೆ ಕಾಗದ ಹಿಡಿದು ಕುಳಿತೆ.

ಹಕ್ಕಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ನೇರ ನನ್ನತ್ತ ಬರುತ್ತಿದೆ ಎನ್ನೋಣ. ಸೆಕೆಂಡಿಗೆ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚಾಯಿತು. ಕ್ಯಾಮೆರಾ ಸೆಕೆಂಡಿಗೆ 10 ಚಿತ್ರ ತೆಗೆದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಹಕ್ಕಿ ಸುಮಾರು 80 ಸೆಂ.ಮೀ. ಮುಂದೆ ಬಂದಿರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್, ಬೆಳಕು ಬಿಡುವ ಕಿಂಡಿ ಎಫ್ 5.6, 20 ಮೀಟರ್ ದೂರ ಎಂದಿಟ್ಟುಕೊಂಡರೆ, ಸ್ಪಷ್ಟವಾಗಿ ಕಾಣುವ ಪಟ್ಟಿಯ ದಪ್ಪವೂ ಹಿಂದೆ ಮುಂದೆ ಸೇರಿ ಸುಮಾರು ಅಷ್ಟೇ. ಹಾಗಾಗಿ ಕ್ಯಾಮೆರಾ ಹಕ್ಕಿ ಇದ್ದ ಜಾಗಕ್ಕೆ ಫೋಕಸ್ ಮಾಡಿದರೆ ಕೆಲಸ ಕೆಟ್ಟಿತು; ಶಟರ್ ತೆರೆಯುವ ಹೊತ್ತಿಗೆ ಅದು ಎಲ್ಲಿರುತ್ತದೆಂದು ಊಹಿಸಬೇಕು. ಊಹೆಗೆ ಹಿಂದಿನ ಅಳತೆಗಳು ಸಾಲಾಗಿ ಸಿಗಬೇಕು. ನಡುವೆ ಒಮ್ಮೆ ಜೊಂಡನ್ನು ಅಳೆದು ಬಂದರೆ ಲೆಕ್ಕವೆಲ್ಲ ತಲೆಕೆಳಗು.

ತಪ್ಪು ಸಿಕ್ಕಿದ್ದು ಮೆನುವಿನೊಳಗೆ, ನಾನೇ ತಿರುಚಿಟ್ಟಿದ್ದ ಜಾಗದಲ್ಲಿ. ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಎಂಬ ಆಯ್ಕೆ ನನ್ನ ಕ್ಯಾನನ್ ಕ್ಯಾಮೆರಾದಲ್ಲಿ ಮೈನಸ್ 2ರಿಂದ ಪ್ಲಸ್ 2ರವರೆಗೆ ಇದೆ. ಹಕ್ಕಿ ಚುರುಕು, ಕ್ಯಾಮೆರಾವೂ ಚುರುಕಾಗಿರಲಿ ಎಂದು ಪ್ಲಸ್ 2ಕ್ಕೆ ಏರಿಸಿದ್ದೆ. ಲೆನ್ಸ್ ಎಷ್ಟು ಬೇಗ ಓಡಬೇಕೆಂದು ಆ ಆಯ್ಕೆ ಹೇಳುವುದೇ ಇಲ್ಲ. ಹಿಡಿದದ್ದನ್ನು ಎಷ್ಟು ಬೇಗ ಕೈಬಿಡಬೇಕೆಂದು ಹೇಳುತ್ತದೆ! ಚೌಕಟ್ಟಿನಲ್ಲಿ ಕ್ಯಾಮೆರಾ ದೂರ ಅಳೆಯುವ ಜಾಗವಾದ ಫೋಕಸ್ ಬಿಂದುವಿನಿಂದ ಹಕ್ಕಿ ಕೂದಲೆಳೆಯಷ್ಟು ಜಾರಿದರೂ ಸಾಕು, ನನ್ನ ಆಜ್ಞೆಯಂತೆಯೇ ಫೋಕಸ್ ಹಿಂದಿನ ಜೊಂಡಿಗೆ ಹಾರುತ್ತಿತ್ತು. ಇಂಥದ್ದೇ ಆಯ್ಕೆ ನಿಕಾನ್‌ನಲ್ಲಿ 1ರಿಂದ 5ರವರೆಗೆ ಇದೆ, ಅಲ್ಲಿ ಅಂಕಿ ಏರಿದಷ್ಟೂ ಹಟ ಹೆಚ್ಚು. ಕ್ಯಾನನ್‌ನಲ್ಲಿ ಅಂಕಿ ಇಳಿದಷ್ಟೂ ಹಟ ಹೆಚ್ಚು. ಯಾವ ಕ್ಯಾಮೆರಾ ಎಂದು ಕೇಳದೆ ಬೇರೆಯವರ ಅಂಕಿ ನಕಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನನ್ನಲ್ಲಿ ಒಂದು ಫೋಲ್ಡರ್ ತುಂಬ ಸಾಕ್ಷಿ ಇದೆ.

ಸರಿ, ಮೈನಸ್ 2ಕ್ಕೆ ಇಳಿಸಿದೆ. ಈಗ ಬೇರೆಯದೇ ಫಜೀತಿ. ಶುರುವಿನಲ್ಲೇ ಜೊಂಡನ್ನು ಹಿಡಿದುಬಿಟ್ಟರೆ ಕ್ಯಾಮೆರಾ ಅದನ್ನೇ ಅಷ್ಟೇ ನಿಷ್ಠೆಯಿಂದ ಹಿಡಿದು ಕೂರುತ್ತಿತ್ತು, ಹಕ್ಕಿ ಮುಂದೆಯೇ ಹಾದುಹೋದರೂ ಕದಲುತ್ತಿರಲಿಲ್ಲ. ಇದಕ್ಕೆ ಮೆನುವಿನಲ್ಲಿ ಮದ್ದಿಲ್ಲ, ಬೆರಳಿನಲ್ಲಿದೆ. ಫೋಕಸ್ ಕೆಲಸವನ್ನು ಶಟರ್ ಬಟನ್‌ನಿಂದ ತೆಗೆದು ಹಿಂಬದಿಯ ಎಎಫ್-ಆನ್ ಬಟನ್‌ಗೆ ಕೊಟ್ಟೆ. ಜೊಂಡು ಸಿಕ್ಕಿತೆಂದು ಕಂಡ ಕೂಡಲೇ ಹೆಬ್ಬೆರಳು ಎತ್ತಿ, ಹಕ್ಕಿಯನ್ನು ಮತ್ತೆ ಬಿಂದುವಿನ ಮೇಲೆ ತಂದು ಒತ್ತುತ್ತೇನೆ. ಹಳೆಯ ಲೆಕ್ಕ ಅಳಿಸಿ ಹೊಸದು ಶುರುವಾಗುತ್ತದೆ. ಹೆಬ್ಬೆರಳು ಪಳಗಲು ಒಂದು ತಿಂಗಳು ಬೇಕಾಯಿತು. ಆ ತಿಂಗಳಲ್ಲಿ ಫೋಕಸನ್ನೇ ಮಾಡದೆ ಬರೀ ಶಟರ್ ಒತ್ತಿದ ಚಿತ್ರಗಳು ಎಷ್ಟೋ.

ಅದರ ಜೊತೆಗೆ, ಹಕ್ಕಿ ಬರುವ ಮುನ್ನವೇ ಅದು ಬರಬಹುದಾದಷ್ಟೇ ದೂರದ ಯಾವುದಾದರೂ ಕಲ್ಲಿಗೋ ಕಂಬಕ್ಕೋ ಫೋಕಸ್ ಮಾಡಿಟ್ಟುಕೊಳ್ಳುತ್ತೇನೆ. ಪೂರ್ತಿ ಮಸುಕಾದ ಹಕ್ಕಿ ವ್ಯೂಫೈಂಡರಿನಲ್ಲಿ ನನಗೇ ಕಾಣುವುದಿಲ್ಲ, ಇನ್ನು ಕ್ಯಾಮೆರಾ ಹಿಡಿಯುವುದು ಹೇಗೆ? ಲೆನ್ಸಿನ ಮೇಲೆ ಫೋಕಸ್ ದೂರ ಮಿತಿಗೊಳಿಸುವ ಸ್ವಿಚ್ ಇದ್ದರೆ ಅದನ್ನೂ ಬಳಸಬೇಕು. ಹತ್ತಿರದ ದೂರಗಳನ್ನೆಲ್ಲ ಹುಡುಕಿ ಬರುವ ವ್ಯರ್ಥ ಓಡಾಟ ತಪ್ಪುತ್ತದೆ.

ಫೋಕಸ್ ಪ್ರದೇಶದ ವಿಷಯದಲ್ಲಿ ನನ್ನದು ಒರಟು ಲೆಕ್ಕ. ಹಿಂದೆ ಬರಿಯ ಆಕಾಶವಿದ್ದರೆ ಇಡೀ ಚೌಕಟ್ಟನ್ನೇ ಬಿಟ್ಟುಕೊಡುತ್ತೇನೆ, ಅಲ್ಲಿ ದಾರಿ ತಪ್ಪಲು ಬೇರೇನಿದೆ? ಹಿಂದೆ ಗಿಡಗಂಟಿ ಇದ್ದರೆ ಒಂದು ಬಿಂದು, ಅದರ ಸುತ್ತಲಿನ ಬಿಂದುಗಳ ನೆರವು, ಅಷ್ಟೇ. ಹಕ್ಕಿಯ ಕಣ್ಣು ಗುರುತಿಸುವ ಹೊಸ ಕ್ಯಾಮೆರಾಗಳು ಈ ಕಷ್ಟವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿವೆ. ಆದರೂ ಎಲೆಗಳ ನಡುವೆ ಹಕ್ಕಿ ಚಿಕ್ಕದಾಗಿದ್ದಾಗ ನಾನು ಸಣ್ಣ ಪ್ರದೇಶಕ್ಕೇ ಮರಳುತ್ತೇನೆ.

ಸೆನ್ಸಿಟಿವಿಟಿ ಈಗ ಮೈನಸ್ 1ರಲ್ಲಿ ನಿಂತಿದೆ. ಮೊನ್ನೆ ರೀವವೊಂದು ಜೊಂಡಿನ ಮುಂದೆಯೇ ತಿರುಗಿ ನನ್ನತ್ತ ಬಂತು. ಒಂದೇ ಓಟದಲ್ಲಿ 22 ಚಿತ್ರ, 17ರಲ್ಲಿ ಕಣ್ಣು ಸ್ಪಷ್ಟ. ಮೂರರಲ್ಲಿ ಫೋಕಸ್ ಅಡ್ಡಬಂದ ರೆಕ್ಕೆಯ ಮೇಲಿದೆ. ಉಳಿದೆರಡರಲ್ಲಿ ಜೊಂಡು, ಎಂದಿನಂತೆ, ಬಹಳ ಚೆನ್ನಾಗಿ ಬಂದಿದೆ.